ಅಂಟಾರ್ಕ್ಟಿಕಾದಲ್ಲಿ ಧೂಳು ಅಳೆಯುವ ಕೆಲಸ

"ಧೂಳು ಬೇಕಂದ್ರೆ ಕ್ರಷರ್ ಹತ್ರ ನಿಂತ್ಕೊಳಪ್ಪ. ಧೂಳೇ ಇಲ್ಲದ ಕಡೆ ಹೋಗಿ ಏನು ಅಳೀತೀಯ?" ನಾನು ಅಂಟಾರ್ಕ್ಟಿಕಾಕ್ಕೆ ಹೊರಟಾಗ ಚಿಕ್ಕಬಳ್ಳಾಪುರದಲ್ಲಿ ನಮ್ಮ ದೊಡ್ಡಪ್ಪ ಕೇಳಿದ್ದು ಇದು. ತಮಾಷೆಗೇ ಕೇಳಿದರು. ಆದರೆ ಈ ಕೆಲಸದ ಕಷ್ಟ ಇರುವುದೇ ಅಲ್ಲಿ. ಚಳಿಗಾದರೆ ಜಾಕೆಟ್ ಕೊಡುತ್ತಾರೆ. ಸೊನ್ನೆಗೆ ಹತ್ತಿರ ಇರುವುದನ್ನು ಅಳೆಯುವ ದಾರಿ ನಾವೇ ಹುಡುಕಿಕೊಳ್ಳಬೇಕು.

ಯಾಕೆ ಅಳೆಯಬೇಕು ಅಂದರೆ, ಮಸಿಯ ಕಣ ಹಿಮದ ಮೇಲೆ ಕೂತರೆ ಹಿಮ ಜಾಸ್ತಿ ಬಿಸಿಲು ಹೀರಿ ಬೇಗ ಕರಗುತ್ತದೆ. ಮೋಡ ಕಟ್ಟಲೂ ಕಣ ಬೇಕು. ಉಪಗ್ರಹದಿಂದಲೇ ನೋಡಬಹುದಲ್ವಾ ಅಂತ ಕೇಳುತ್ತಾರೆ. ಬೆಳ್ಳಗೆ ಹೊಳೆಯುವ ಹಿಮದ ಮೇಲೆ ತೆಳು ಮಬ್ಬನ್ನು ಬೇರೆ ಮಾಡಿ ನೋಡುವುದು ಅದಕ್ಕೆ ಬಹಳ ಕಷ್ಟ. ಯಾರಾದರೂ ಹೋಗಿ ನೆಲದ ಮೇಲೆ ನಿಲ್ಲಲೇಬೇಕು.

ನನ್ನ ಮುಖ್ಯ ಸಾಧನ ಕೈಯಲ್ಲಿ ಹಿಡಿಯುವ ಸನ್ ಫೋಟೋಮೀಟರ್. ಸೂರ್ಯನಿಗೆ ನೇರ ಹಿಡಿದರೆ ಬೇರೆ ಬೇರೆ ಬಣ್ಣದ ಬೆಳಕು ಎಷ್ಟು ಬಂತು ಅಂತ ಹೇಳುತ್ತದೆ. ಗಾಳಿಯೇ ಇಲ್ಲದಿದ್ದರೆ ಎಷ್ಟು ಬರುತ್ತಿತ್ತು ಅನ್ನುವುದು ಗೊತ್ತಿದ್ದರೆ ಮಾತ್ರ ಆ ಅಂಕಿಗೆ ಅರ್ಥ. ಅದನ್ನು ಕಂಡುಹಿಡಿಯಲು ಸೂರ್ಯ ಮೇಲೇರುತ್ತಾ ಹೋದ ಹಾಗೆ ಅಳೆಯುತ್ತಾ ಹೋಗಿ, ಗ್ರಾಫಿನಲ್ಲಿ ಗೆರೆ ಎಳೆದು, ಅದನ್ನು ಗಾಳಿ ಸೊನ್ನೆ ಆಗುವ ಜಾಗದವರೆಗೆ ಮುಂದುವರಿಸಬೇಕು. ಲ್ಯಾಂಗ್ಲಿ ವಿಧಾನ ಅಂತಾರೆ. ಇದನ್ನು ಹೊರಡುವ ಮೊದಲು ನಂದಿ ಬೆಟ್ಟದಲ್ಲಿ ಅಭ್ಯಾಸ ಮಾಡಿಕೊಂಡೆ. 1,478 ಮೀಟರ್ ಎತ್ತರ, ಬೆಳಗಿನ ಹೊತ್ತು ಕೆಳಗಿನ ಧೂಳು ಹೊಗೆ ಕೆಳಗೇ ಇರುತ್ತದೆ. ಆದರೆ ಬಿಸಿಲು ಏರಿದ ಹಾಗೆ ಅದೆಲ್ಲ ಮೇಲೆ ಬರುತ್ತದೆ, ಗೆರೆ ಸೊಟ್ಟಗಾಗುತ್ತದೆ. ಕೆಲವು ದಿನ ಮಂಜು ಬಿಟ್ಟುಕೊಡುವುದೇ ಇಲ್ಲ. ಮಂಜು ಇಲ್ಲದ ದಿನ ಸೆಲ್ಫಿಯವರು. ಅಂತಿಮ ಕ್ಯಾಲಿಬ್ರೇಶನ್‌ಗೆ, ಅಂದರೆ ಸಾಧನದ ಅಳತೆಯನ್ನು ಸರಿಹೊಂದಿಸಲು, ನಂದಿಯನ್ನು ನಾನು ನಂಬುವುದಿಲ್ಲ. ಕೈ ಪಳಗಿಸಲು ಮಾತ್ರ ಒಳ್ಳೆ ಜಾಗ.

ನಾನಿದ್ದದ್ದು ಅಂಟಾರ್ಕ್ಟಿಕಾದಲ್ಲಿ ನಮ್ಮ ದೇಶದ ಸಂಶೋಧನಾ ನಿಲ್ದಾಣವಾದ ಭಾರತಿಯಲ್ಲಿ. ಲಾರ್ಸ್‌ಮನ್ ಬೆಟ್ಟಗಳ ಪ್ರದೇಶ, ದಕ್ಷಿಣ 69 ಡಿಗ್ರಿ, 2012ರಲ್ಲಿ ಶುರುವಾದದ್ದು. ಅಲ್ಲಿ ನಡುಬೇಸಿಗೆಯಾದ ಡಿಸೆಂಬರ್‌ನಲ್ಲೂ ಮಧ್ಯಾಹ್ನದ ಸೂರ್ಯ 44 ಡಿಗ್ರಿಗಿಂತ ಮೇಲೇರುವುದಿಲ್ಲ, ಮಧ್ಯರಾತ್ರಿಗೆ ದಿಗಂತದ ಮೇಲೆ ಸುಮ್ನೆ ತೆವಳುತ್ತಿರುತ್ತದೆ. ನಮ್ಮ ಕೆಲಸಕ್ಕೆ ಇದು ಅನುಕೂಲ. ಬೆಳಕು ಓರೆಯಾಗಿ ತುಂಬಾ ಗಾಳಿ ದಾಟಿ ಬರುವುದರಿಂದ ಸ್ವಲ್ಪವೇ ಕಣ ಇದ್ದರೂ ಗುರುತು ಸಿಗುತ್ತದೆ.

ಎಷ್ಟು ಸ್ವಲ್ಪ? ಕಣಗಳು ಬೆಳಕನ್ನು ಎಷ್ಟು ತಡೆದವು ಅನ್ನುವುದಕ್ಕೆ ಆಪ್ಟಿಕಲ್ ಡೆಪ್ತ್ ಅನ್ನುವ ಅಂಕಿ ಇದೆ. ನಮ್ಮ ದೇಶದ ಬಯಲಿನಲ್ಲಿ 0.5 ಬಂದರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಅಂದರೆ ನೆತ್ತಿಯ ಮೇಲಿನ ಸೂರ್ಯನ ನೇರ ಬೆಳಕಿನಲ್ಲಿ ಸುಮಾರು ಶೇ 40 ಖೋತಾ. ಅಂಟಾರ್ಕ್ಟಿಕಾದ ಕರಾವಳಿಯಲ್ಲಿ 0.02ರ ಆಸುಪಾಸು. ಶೇ 2! ಅಲ್ಲಿ ಕಣಗಳಿಗಿಂತ ಬರೀ ಗಾಳಿಯ ಅಣುಗಳೇ ಜಾಸ್ತಿ ಬೆಳಕು ಚದುರಿಸುತ್ತವೆ. 500 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ಸಮುದ್ರ ಮಟ್ಟದಲ್ಲಿ ಅವುಗಳ ಪಾಲು ಸುಮಾರು 0.14. ಅದನ್ನು ಕಳೆದು ಉಳಿದದ್ದು ನಮ್ಮ ಅಂಕಿ. ಆ ಕರಾವಳಿಯಲ್ಲಿ ಗಾಳಿಯ ಒತ್ತಡ ಸಾಮಾನ್ಯವಾಗಿ 985 ಮಿಲಿಬಾರ್ ಹತ್ತಿರ ಇರುತ್ತದೆ. ಪಠ್ಯಪುಸ್ತಕದ 1013 ಹಾಕಿಬಿಟ್ಟರೆ 0.004 ಹೆಚ್ಚು ಕಳೆದ ಹಾಗೆ. ನಮ್ಮ ಊರಲ್ಲಿ ಇದು ಲೆಕ್ಕಕ್ಕೇ ಇಲ್ಲ, ಅಲ್ಲಿ ಐದರಲ್ಲಿ ಒಂದು ಪಾಲು ಹೋಯಿತು. ಹಾಗಾಗಿ ಪ್ರತಿ ಸಲವೂ ಬಾರೋಮೀಟರ್ ನೋಡಿಯೇ ಬರೆಯುತ್ತಿದ್ದೆ.

ಸಾಧನದ ಆರೈಕೆ ದೊಡ್ಡ ವಿಷಯವಲ್ಲ. ಬ್ಯಾಟರಿಗಳನ್ನು ಒಳಜೇಬಿನಲ್ಲಿ ಇಟ್ಟುಕೊಳ್ಳಬೇಕು. ಚಳಿಯಿಂದ ಒಳಗೆ ತರುವ ಮೊದಲು ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಕು, ಇಲ್ಲದಿದ್ದರೆ ಲೆನ್ಸ್ ಮೇಲೆ ನೀರು ಕಟ್ಟುತ್ತದೆ. ಅಷ್ಟೇ.

ತಲೆನೋವು ಅಂದರೆ ಮಸಿ. ಏಥಲೋಮೀಟರ್ ಗಾಳಿ ಎಳೆದು ಫಿಲ್ಟರ್ ಪಟ್ಟಿಯ ಮೇಲೆ ಕಣ ಕೂರಿಸುತ್ತದೆ, ಅದು ಎಷ್ಟು ಕಪ್ಪಾಯಿತು ಅಂತ ಬೆಳಕು ಹಾಯಿಸಿ ನೋಡುತ್ತದೆ. ನಮ್ಮ ಊರುಗಳಲ್ಲಿ ಒಂದು ಘನ ಮೀಟರ್ ಗಾಳಿಗೆ ಸಾವಿರಾರು ನ್ಯಾನೋಗ್ರಾಂ ಮಸಿ. ಅಲ್ಲಿ ಹತ್ತಾರು. ಆ ಹತ್ತಾರರ ಪಕ್ಕದಲ್ಲೇ ನಮ್ಮದೇ ಜನರೇಟರ್ ಹೊಗೆ ಬಿಡುತ್ತಿರುತ್ತದೆ! ಅದಿಲ್ಲದೆ ಬದುಕುವಂತಿಲ್ಲ. ಅದಕ್ಕೆ ಸಾಧನವನ್ನು ಗಾಳಿ ಬರುವ ಕಡೆ, ನಿಲ್ದಾಣದಿಂದ ದೂರ ಇಡುತ್ತೇವೆ. ಗಾಳಿಯ ದಿಕ್ಕನ್ನೂ ಜೊತೆಗೇ ದಾಖಲಿಸುತ್ತೇವೆ. ನಿಲ್ದಾಣದ ಕಡೆಯಿಂದ ಬೀಸಿದ ಹೊತ್ತಿನ ಡೇಟಾ ಎಷ್ಟೇ ಚೆನ್ನಾಗಿ ಕಂಡರೂ ಕಿತ್ತು ಹಾಕಬೇಕು. ಗಾಳಿ ತೀರಾ ನಿಂತಾಗಿನದನ್ನೂ ಹಾಗೆಯೇ, ಆಗ ಹೊಗೆ ಎಲ್ಲಿ ಬೇಕಾದರೂ ಸುತ್ತುತ್ತದೆ.

ಇಷ್ಟು ಕಡಿಮೆ ಮಸಿಯಲ್ಲಿ ಸಾಧನ ಆಗಾಗ ಮೈನಸ್ ಅಂಕಿಯನ್ನೂ ತೋರಿಸುತ್ತದೆ. ಹೊಸಬರು ನೋಡಿ ಅಳಿಸಲು ಹೋಗುತ್ತಾರೆ, ಮೈನಸ್ ಮಸಿ ಎಲ್ಲಿಂದ ಬರಬೇಕು ಅಂತ. ಅಳಿಸಬಾರದು. ಅದು ಸಾಧನದ ಅಂಕಿಯಲ್ಲಿನ ಅಲುಗಾಟ, ಮೇಲಕ್ಕೂ ಕೆಳಕ್ಕೂ ಸಮ ಇರುತ್ತದೆ. ಕೆಳಗಿನದನ್ನಷ್ಟೇ ತೆಗೆದರೆ ಸರಾಸರಿ ಸುಳ್ಳೇ ಮೇಲೆ ಹೋಗುತ್ತದೆ. ಗಂಟೆಗಟ್ಟಲೆ ಡೇಟಾ ಸೇರಿಸಿ ಸರಾಸರಿ ತೆಗೆಯಿರಿ, ತಾನಾಗಿ ಸರಿಹೋಗುತ್ತದೆ.

ಇನ್ನೊಂದು, ಅಲ್ಲಿಯ ಗಾಳಿ ಒಣಗಿದ ಗಾಳಿ. ಸಾಧಾರಣ ಪ್ಲಾಸ್ಟಿಕ್ ಪೈಪ್ ಹಾಕಿದರೆ ಸ್ಥಿರ ವಿದ್ಯುತ್ ಹುಟ್ಟಿ ಕಣಗಳು ಗೋಡೆಗೇ ಅಂಟಿಕೊಳ್ಳುತ್ತವೆ. ಸ್ಟೀಲ್ ಪೈಪ್ ಅಥವಾ ವಿದ್ಯುತ್ ಹಾಯುವ ಸಿಲಿಕೋನ್ ಪೈಪೇ ಬೇಕು.

ಹಾಗಂತ ಆ ಗಾಳಿಯಲ್ಲಿ ಏನೂ ಇಲ್ಲ ಅಂತಲ್ಲ. ಬಿರುಗಾಳಿ ಬಂದರೆ ಕಡಲಿನ ಉಪ್ಪು ಬರುತ್ತದೆ. ಬೇಸಿಗೆಯಲ್ಲಿ ಸಮುದ್ರದ ಸೂಕ್ಷ್ಮ ಪಾಚಿಗಳಿಂದ ಹೊರಟ ಗಂಧಕದ ಅನಿಲ ಬಿಸಿಲಿಗೆ ಬದಲಾಗಿ ಸಲ್ಫೇಟ್ ಕಣಗಳಾಗುತ್ತವೆ. ಅಲ್ಲಿನ ಕಣಗಳಲ್ಲಿ ಹೆಚ್ಚಿನವು ಸಮುದ್ರದವೇ.

ಉಪ್ಪು, ಸಲ್ಫೇಟ್ ಬೇರೆ ಬೇರೆ ಮಾಡಿ ತಿಳಿಯಲು ಫಿಲ್ಟರ್‌ಗಳನ್ನು ತಂಪಾಗಿಟ್ಟು ಊರಿಗೆ ತರುತ್ತೇವೆ. ಅವುಗಳ ಜೊತೆ ಖಾಲಿ ಫಿಲ್ಟರ್‌ಗಳೂ ಇರುತ್ತವೆ. ಅವನ್ನೂ ಅಲ್ಲಿಗೆ ಒಯ್ದು, ಸಾಧನಕ್ಕೆ ಕೂರಿಸಿ, ಪಂಪ್ ಹಾಕದೆ ಹಾಗೇ ಬಿಚ್ಚಿ ತಂದಿರುತ್ತೇವೆ. ನಮ್ಮ ಕೈ, ಡಬ್ಬಿ, ಪ್ರಯಾಣ ಸೇರಿ ಎಷ್ಟು ಕೊಳೆ ಮಾಡಿದೆವು ಅಂತ ಹೇಳುವುದು ಅವೇ. ದೊಡ್ಡಪ್ಪನಿಗೆ ಇದನ್ನು ಹೇಳಿದರೆ ಇನ್ನೂ ಜೋರಾಗಿ ನಕ್ಕರು. ಲ್ಯಾಬಿನಲ್ಲಿ ಮಾತ್ರ ನಾನು ಮೊದಲು ಪರೀಕ್ಷೆಗೆ ಹಾಕುವುದು ಆ ಖಾಲಿ ಫಿಲ್ಟರ್‌ಗಳನ್ನೇ. ಅವುಗಳ ಅಂಕಿ ಸರಿಯಿದ್ದರೆ ಉಳಿದವಕ್ಕೆ ಕೈ ಹಾಕುತ್ತೇನೆ.