ಮಂಡಿ ಮಡಚುತ್ತದೆ, ಸ್ನಾಯು ಎಚ್ಚೆತ್ತಿದೆಯೇ? ಕೀಲು ಬದಲಿಸಿದ ಮೇಲೆ ನಡಿಗೆ ಅಳೆಯುವ ನಮ್ಮ ಕ್ರಮ

ಮಂಡಿ ಬದಲಿ ಶಸ್ತ್ರಚಿಕಿತ್ಸೆಯಾಗಿ ಆರು ವಾರಕ್ಕೆ ಬರುವವರ ಫೈಲಿನಲ್ಲಿ ಸಾಮಾನ್ಯವಾಗಿ ಎರಡೇ ಅಂಕಿ ಇರುತ್ತವೆ: ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ, ನೋವು ಹತ್ತಕ್ಕೆ ಎಷ್ಟು. 110 ಡಿಗ್ರಿ, ನೋವು 2 ಎಂದಿದ್ದರೆ ಮನೆಯವರು ನಿಶ್ಚಿಂತರಾಗುತ್ತಾರೆ. ಅದೇ ವ್ಯಕ್ತಿಗೆ ಕೈಯೂರದೆ ಕುರ್ಚಿಯಿಂದ ಏಳಲು ಹೇಳಿ ನೋಡಿ. ಆಪರೇಷನ್ ಆದ ಕಾಲು ತಾನಾಗಿ ಮುಂದೆ ಸರಿಯುತ್ತದೆ, ಮೈ ಇನ್ನೊಂದು ಕಡೆ ವಾಲುತ್ತದೆ, ಏಳುವ ಕೆಲಸವೆಲ್ಲ ಆ ಇನ್ನೊಂದು ಕಾಲಿನ ಪಾಲಿಗೆ ಬೀಳುತ್ತದೆ. ಕೀಲು ಸರಿಯಿದೆ. ಅದನ್ನು ನಡೆಸಬೇಕಾದ ತೊಡೆಯ ಮುಂಭಾಗದ ಸ್ನಾಯು, ಕ್ವಾಡ್ರಿಸೆಪ್ಸ್, ಇನ್ನೂ ಕೆಲಸಕ್ಕೆ ಬಂದಿಲ್ಲ.

ಮೊದಲ ತಿಂಗಳಲ್ಲಿ ಈ ಸ್ನಾಯುವಿನ ಬಲ ಆಪರೇಷನ್‌ಗೆ ಮುಂಚೆ ಇದ್ದುದರ ಅರ್ಧಕ್ಕೂ ಕೆಳಗೆ ಕುಸಿಯುತ್ತದೆ. ಸ್ನಾಯು ಸೊರಗುವುದು ಅದರಲ್ಲೊಂದು ಪಾಲು. ಹೆಚ್ಚಿನದು ನರದ ತಡೆ. ಕೀಲಿನೊಳಗೆ ದ್ರವ ತುಂಬಿದಾಗ ಬೆನ್ನುಹುರಿಯ ಮಟ್ಟದಲ್ಲೇ ಸ್ನಾಯುವಿಗೆ ಹೋಗುವ ಆದೇಶ ತಗ್ಗುತ್ತದೆ. 1984ರಲ್ಲಿ ಆರೋಗ್ಯವಂತರ ಮಂಡಿಗೆ ಸಲೈನ್ ತುಂಬಿ ನಡೆಸಿದ ಪ್ರಯೋಗದಲ್ಲಿ 20ರಿಂದ 30 ಮಿಲಿಲೀಟರ್‌ಗೇ ಕ್ವಾಡ್ರಿಸೆಪ್ಸ್‌ನ ಒಳಬದಿಯ ಭಾಗವಾದ ವ್ಯಾಸ್ಟಸ್ ಮೀಡಿಯಾಲಿಸ್ ಮಂದವಾಯಿತು. ಹೊರಬದಿಯ ವ್ಯಾಸ್ಟಸ್ ಲ್ಯಾಟರಾಲಿಸ್ ಮತ್ತು ನಡುವಿನ ರೆಕ್ಟಸ್ ಫೆಮೋರಿಸ್ ಮಂದವಾಗಲು 50ರಿಂದ 60 ಬೇಕಾಯಿತು. 30 ಮಿಲಿಲೀಟರ್ ಎಂದರೆ ಎರಡು ದೊಡ್ಡ ಚಮಚದಷ್ಟು. ಅದಕ್ಕೇ ನಮ್ಮಲ್ಲಿ ಎಲ್ಲಕ್ಕಿಂತ ಮೊದಲು ಟೇಪು ಹೊರಬರುತ್ತದೆ. ಮಂಡಿಚಿಪ್ಪಿನ ನಡುಮಟ್ಟದಲ್ಲಿ ಸುತ್ತಳತೆಯನ್ನು ವ್ಯಾಯಾಮಕ್ಕೆ ಮುಂಚೆ ಒಮ್ಮೆ, ಮರುದಿನ ಬೆಳಗ್ಗೆ ಒಮ್ಮೆ ತೆಗೆಯುತ್ತೇವೆ. 1 ಸೆಂಟಿಮೀಟರ್‌ಗಿಂತ ಹೆಚ್ಚು ಏರಿದ್ದರೆ ಮುಂದಿನ ಸಲದ ವ್ಯಾಯಾಮವನ್ನು ಮೂರನೇ ಒಂದರಷ್ಟು ಇಳಿಸುತ್ತೇವೆ. ಊದಿದ ಮಂಡಿಯ ಮೇಲೆ ಹಟ ಹಿಡಿದು ತೂಕ ಎತ್ತಿಸಿದರೆ ಆ ಸ್ನಾಯು ಇನ್ನಷ್ಟು ಮಂಕಾಗುತ್ತದೆ.

ಎರಡನೆಯ ಅಳತೆಗೆ ಬೇಕಾದದ್ದು ಮುಳ್ಳಿನ ಎರಡು ತೂಕದ ಯಂತ್ರ. ಡಿಜಿಟಲ್ ಆದರೆ ಅಂಕಿ ನಿಂತಲ್ಲೇ ನಿಲ್ಲುತ್ತದೆ, ಏಳುವ ಕ್ಷಣದ ಏರಿಳಿತ ಸಿಗುವುದಿಲ್ಲ. ಗಟ್ಟಿ ನೆಲದ ಮೇಲೆ ಪಕ್ಕಪಕ್ಕ ಇಟ್ಟು, ವಾರಕ್ಕೊಮ್ಮೆ ಒಂದೇ 20 ಕೆಜಿ ತೂಕವನ್ನು ಎರಡರ ಮೇಲೂ ಹೇರಿ ತಾಳೆ ನೋಡುತ್ತೇವೆ. ಯಂತ್ರದ ಮೇಲ್ಮೈಯಿಂದ 45 ಸೆಂಟಿಮೀಟರ್ ಎತ್ತರದ ಕುರ್ಚಿ, ಕೈಗಳು ಎದೆಯ ಮೇಲೆ, ಎರಡೂ ಹಿಮ್ಮಡಿ ಒಂದೇ ಗೆರೆಯಲ್ಲಿ. ಗೆರೆ ಹಾಕದಿದ್ದರೆ ಆಪರೇಷನ್ ಕಾಲು ಮುಂದೆ ಜಾರುತ್ತದೆ, ಅಲ್ಲಿಗೆ ಅಳತೆ ಕೆಟ್ಟಿತು. ಮುಳ್ಳುಗಳನ್ನು ಮೊಬೈಲಿನಲ್ಲಿ ಚಿತ್ರಿಸಿ, ಕುರ್ಚಿಯಿಂದ ಮೈ ಮೇಲೇಳುವ ಕ್ಷಣದಲ್ಲಿ ನಿಲ್ಲಿಸಿ ಓದುತ್ತೇವೆ. ಎರಡೂ ಸೇರಿ 70 ಕೆಜಿ ತೋರಿಸುವಾಗ ಆಪರೇಷನ್ ಕಡೆ 25 ಇದ್ದರೆ ಆ ಕಾಲಿನ ಪಾಲು ಶೇ 36. ಶೇ 45 ದಾಟುವವರೆಗೆ ಇದೇ ಅಭ್ಯಾಸ, ದಿನಕ್ಕೆ ಹತ್ತರಂತೆ ಮೂರು ಸುತ್ತು, ಮುಳ್ಳು ನೋಡುತ್ತಲೇ.

ನಡಿಗೆಯ ಚಿತ್ರಣಕ್ಕೆ 6 ಮೀಟರ್ ಜಾಗ ಸಾಕು. ಮೊಬೈಲನ್ನು ಸ್ಟ್ಯಾಂಡಿನ ಮೇಲೆ ಮಂಡಿಯ ಎತ್ತರದಲ್ಲಿ, ನಡೆಯುವ ದಾರಿಗೆ ಸರಿಯಾಗಿ ಅಡ್ಡವಾಗಿ, 3ರಿಂದ 4 ಮೀಟರ್ ದೂರ ನಿಲ್ಲಿಸುತ್ತೇವೆ. ಸೆಕೆಂಡಿಗೆ 60 ಫ್ರೇಮ್ ಸಾಕು. 120ಕ್ಕೆ ಹೋದರೆ ಕೆಲವು ಟ್ಯೂಬ್‌ಲೈಟಿನ ಮಿಣುಕು ಪಟ್ಟೆಯಾಗಿ ಬೀಳುತ್ತದೆ, ಆಗ ಹಗಲ ಬೆಳಕೇ ಗತಿ. ಸೊಂಟದ ಪಕ್ಕದ ಎಲುಬಿನ ಉಬ್ಬು, ಮಂಡಿಯ ಹೊರಬದಿ, ಪಾದದ ಹೊರಗಂಟು, ಈ ಮೂರರ ಮೇಲೆ ಬಣ್ಣದ ಚುಕ್ಕಿ. ಸೀರೆಯ ಮೇಲೆ ಚುಕ್ಕಿ ಹಚ್ಚಿದರೆ ಅಳೆದಂತಾಗುವುದು ಸೀರೆಯ ಓಲಾಟ. ಮೊದಲೇ ತಿಳಿಸಿದರೆ ಹಿರಿಯರೂ ಬಿಗಿಯಾದ ಲೆಗ್ಗಿಂಗ್ಸ್ ತೊಟ್ಟು ಬರುತ್ತಾರೆ. ಬಾಗಿಲು ಹಾಕಿದ ಕೋಣೆ ಕೊಡುವುದು ನಮ್ಮ ಹೊಣೆ. ಕಿನೋವಿಯಾ ಎಂಬ ಉಚಿತ ತಂತ್ರಾಂಶದಲ್ಲಿ ನಡುವಿನ ಎರಡು ಹೆಜ್ಜೆಗಳನ್ನು ಮಾತ್ರ ಅಳೆಯುತ್ತೇವೆ, ಏಕೆಂದರೆ ಚೌಕಟ್ಟಿನ ಅಂಚಿಗೆ ಹೋದಂತೆ ಕೋನ ತಿರುಚಿಕೊಳ್ಳುತ್ತದೆ. ಚರ್ಮದ ಮೇಲಿನ ಚುಕ್ಕಿಯೂ ಸರಿದಾಡುವುದರಿಂದ 5 ಡಿಗ್ರಿಗಿಂತ ಕಡಿಮೆ ವ್ಯತ್ಯಾಸವನ್ನು ಸುಧಾರಣೆ ಎಂದು ನಾವು ಬರೆಯುವುದಿಲ್ಲ.

ನೋಡಬೇಕಾದ ಕೋನ ಎರಡು. ಹಿಮ್ಮಡಿ ಊರಿದ ಕೂಡಲೇ ಭಾರ ಹೊರುವಾಗ ಮಂಡಿ 15ರಿಂದ 20 ಡಿಗ್ರಿ ಮಡಚಬೇಕು. ಕಾಲು ಗಾಳಿಯಲ್ಲಿ ಮುಂದೆ ಬರುವಾಗ ಸುಮಾರು 60. ಬದಲಿಸಿದ ಮಂಡಿಯಲ್ಲಿ ಮೊದಲನೆಯದು 5–8ಕ್ಕೆ ಇಳಿದಿರುವುದು ಸಾಮಾನ್ಯ, ಕಾಲನ್ನು ಕೋಲಿನಂತೆ ಊರುತ್ತಾರೆ. ಇಲ್ಲೊಂದು ಎಚ್ಚರಿಕೆ: ನಿಧಾನ ನಡೆದರೆ ಯಾರ ಮಂಡಿಯೂ ಕಡಿಮೆಯೇ ಮಡಚುತ್ತದೆ. ಹಿಂದಿನ ತಿಂಗಳು ಸೆಕೆಂಡಿಗೆ 0.6 ಮೀಟರ್, ಈ ತಿಂಗಳು 0.9 ನಡೆದವರ ಕೋನ ಹೆಚ್ಚಿದ್ದರೆ ಅದರಲ್ಲಿ ಒಂದಷ್ಟು ವೇಗದ ಕೊಡುಗೆ. ಪ್ರತಿ ಚಿತ್ರದ ಪಕ್ಕ ವೇಗವನ್ನೂ ಬರೆದಿಡಬೇಕು.

ಮಂಚದ ಮೇಲೆ ನಾವು ಮಡಚಿದರೆ 110, ನಡೆಯುವಾಗ 40 ಎಂದಾದರೆ ತಪ್ಪು ಕೀಲಿನದ್ದಲ್ಲ. ಅಲ್ಲಿಂದ ಇಎಂಜಿಯ, ಅಂದರೆ ಸ್ನಾಯುವಿನ ವಿದ್ಯುತ್ ಸಂಕೇತವನ್ನು ಗೆರೆಯಾಗಿ ತೋರಿಸುವ ಪರೀಕ್ಷೆಯ, ಕೆಲಸ.

ಚರ್ಮದ ಮೇಲಿನ ಇಎಂಜಿಯಲ್ಲಿ ಮುಕ್ಕಾಲು ಪಾಲು ಯಶಸ್ಸು ಚರ್ಮವನ್ನು ಸಿದ್ಧಪಡಿಸುವುದರಲ್ಲಿದೆ. ಕೂದಲು ತೆಗೆದು, ನಯವಾದ ಉಜ್ಜುಕಾಗದದಿಂದ ಮೂರ್ನಾಲ್ಕು ಸಲ ಮೆಲ್ಲಗೆ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡುತ್ತೇವೆ. ಜೋಡಿ ಎಲೆಕ್ಟ್ರೋಡ್‌ಗಳ ನಡುವೆ 20 ಮಿಲಿಮೀಟರ್. ಅವನ್ನು ಅಂಟಿಸುವ ಜಾಗಕ್ಕೆ ಯೂರೋಪಿನ ಸೆನಿಯಾಮ್ ಶಿಫಾರಸು ಅನುಸರಿಸುತ್ತೇವೆ: ವ್ಯಾಸ್ಟಸ್ ಲ್ಯಾಟರಾಲಿಸ್‌ಗೆ ಸೊಂಟದ ಮುಂಮೂಳೆಯಿಂದ ಚಿಪ್ಪಿನ ಹೊರಬದಿಗೆ ಎಳೆದ ಗೆರೆಯಲ್ಲಿ ಮೂರನೇ ಎರಡರಷ್ಟು ಕೆಳಗೆ, ತೊಡೆಯ ಹಿಂದಿನ ಬೈಸೆಪ್ಸ್ ಫೆಮೋರಿಸ್‌ಗೆ ಕೂರುವ ಮೂಳೆಯಿಂದ ಮಂಡಿಯ ಹೊರಬದಿಗೆ ಎಳೆದ ಗೆರೆಯ ನಟ್ಟನಡುವೆ. ವ್ಯಾಸ್ಟಸ್ ಮೀಡಿಯಾಲಿಸ್‌ನ ಜಾಗ ಹೊಲಿಗೆಗೆ ತೀರ ಹತ್ತಿರ. ಗಾಯ ಪೂರ್ತಿ ಮಾಯುವವರೆಗೆ ಅದನ್ನು ಮುಟ್ಟುವುದಿಲ್ಲ. ಸ್ನಾಯು ಸಡಿಲವಿದ್ದಾಗಲೂ ಇಎಂಜಿ ಗೆರೆ 5 ಮೈಕ್ರೋವೋಲ್ಟ್ ಮೀರಿ ನಡುಗುತ್ತಿದ್ದರೆ ಬಹುಪಾಲು ಅದು ಕರೆಂಟಿನ 50 ಹರ್ಟ್ಜ್ ಗದ್ದಲ: ಚಾರ್ಜರ್ ಕಿತ್ತು, ಪಕ್ಕದ ವಿದ್ಯುತ್ ಪ್ರಚೋದನೆಯ ಯಂತ್ರ ಆರಿಸಿ, ತಂತಿಯನ್ನು ಕಾಲಿಗೆ ಟೇಪು ಹಾಕಿ ಮತ್ತೆ ನೋಡಬೇಕು. ವಿಡಿಯೋಗೂ ಇಎಂಜಿಗೂ ಹೊಂದಾಣಿಕೆ ಮಾಡಿಸಲು ಕ್ಯಾಮೆರಾದ ಮುಂದೆ ಒಂದು ಎಲೆಕ್ಟ್ರೋಡನ್ನು ಬೆರಳಿನಿಂದ ತಟ್ಟುತ್ತೇವೆ. ಗೆರೆಯಲ್ಲಿ ಚೂಪಾದ ಮುಳ್ಳು ಮೂಡುತ್ತದೆ. ಆ ಫ್ರೇಮೇ ಸೊನ್ನೆ ಸಮಯ.

ಹೆಚ್ಚಿನವರು ಎಡವುವುದು ಗೆರೆಯ ಎತ್ತರ ಓದುವಾಗ. ಚರ್ಮದಡಿಯ ಊತ ಮತ್ತು ಕೊಬ್ಬು ಸಂಕೇತವನ್ನು ನುಂಗುತ್ತವೆ, ಹಾಗಾಗಿ ಊತ ಇಳಿದರೂ ಗೆರೆ ಎತ್ತರವಾಗುತ್ತದೆ, ಬಲ ಹೆಚ್ಚದೆಯೇ. ಪರಿಹಾರವಾಗಿ ಮಂಡಿ 60 ಡಿಗ್ರಿಯಲ್ಲಿಟ್ಟು ಪಟ್ಟಿಯ ವಿರುದ್ಧ 5 ಸೆಕೆಂಡಿನಂತೆ ಮೂರು ಸಲ ಪೂರ್ತಿ ಬಲದಿಂದ ಒತ್ತಿಸಿ, ಆಗ ಬಂದ ಗರಿಷ್ಠದ ಶೇಕಡಾವಾರಾಗಿ ನಡಿಗೆಯ ಅಂಕಿಯನ್ನು ಬರೆಯುತ್ತಾರೆ. ಆದರೆ ನರದ ತಡೆ ಇರುವ ಸ್ನಾಯುವಿನ ಗರಿಷ್ಠ ನಿಜವಾದ ಗರಿಷ್ಠವಲ್ಲ. ನಡೆಯುವಾಗ ಶೇ 80 ಬಂತೆಂದರೆ ಸ್ನಾಯು ಗಟ್ಟಿಯಾಯಿತು ಎಂದಲ್ಲ, ಬರಿಯ ನಡಿಗೆಗೇ ತನ್ನ ಶಕ್ತಿಯ ಅಂಚಿಗೆ ಬಂದಿದೆ ಎಂದರ್ಥ.

ನಾವು ಹೆಚ್ಚು ನಂಬುವುದು ಸಮಯವನ್ನು. ಒಂದು ಹಿಮ್ಮಡಿ ಊರಿಕೆಯಿಂದ ಅದೇ ಹಿಮ್ಮಡಿಯ ಮುಂದಿನ ಊರಿಕೆಯವರೆಗೆ ನೂರು ಎಂದಿಟ್ಟರೆ, ತೊಡೆಯ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಶೇ 10ರ ಆಸುಪಾಸಿನಲ್ಲಿ, ವ್ಯಾಸ್ಟಸ್ ಶೇ 20ರ ಆಸುಪಾಸಿನಲ್ಲಿ ಸುಮ್ಮನಾಗಬೇಕು. ಎರಡೂ ಶೇ 40ರವರೆಗೆ ಒಟ್ಟಿಗೆ ಚುರುಕಾಗಿದ್ದರೆ ಮುಂದಿನದು ಹಿಂದಿನದನ್ನೂ ಹಿಂದಿನದು ಮುಂದಿನದನ್ನೂ ಜಗ್ಗುತ್ತಿದೆ, ಮಂಡಿ ಮಡಚಲಾರದು.

ಚಿಕಿತ್ಸೆ ಇಲ್ಲಿ ಕವಲೊಡೆಯುತ್ತದೆ. ಸ್ನಾಯು ಏಳುತ್ತಲೇ ಇಲ್ಲವೆಂದಾದರೆ ವಿದ್ಯುತ್ ಪ್ರಚೋದನೆ: 50 ಹರ್ಟ್ಜ್, ಪ್ರತಿ ಮಿಡಿತ 250 ಮೈಕ್ರೋಸೆಕೆಂಡ್, 10 ಸೆಕೆಂಡ್ ಕೆಲಸ, 50 ಸೆಕೆಂಡ್ ವಿರಾಮ, 15 ಸಲ, ರೋಗಿಯೂ ಜೊತೆಗೇ ಒತ್ತಬೇಕು. ಅಂಗೈಯಗಲದ ದೊಡ್ಡ ಪ್ಯಾಡ್ ಬೇಕು, ಸಣ್ಣದರಲ್ಲಿ ಚರ್ಮ ಉರಿದು ಸಾಕಷ್ಟು ಕರೆಂಟು ಏರಿಸಲಾಗದು. ಸ್ನಾಯು ಸುಮ್ಮನೆ ಅದುರಿದರೆ ಪ್ರಯೋಜನವಿಲ್ಲ, ಕೈಯಿಟ್ಟರೆ ಕಲ್ಲಾಗಿರಬೇಕು. ಪೇಸ್‌ಮೇಕರ್ ಇದ್ದವರಿಗೆ ಬೇಡ. ಮೀನಖಂಡ ಊದಿ ನೋಯುತ್ತಿದ್ದರೆ ಎಲ್ಲವನ್ನೂ ನಿಲ್ಲಿಸಿ ಅದೇ ದಿನ ಸರ್ಜನ್ ಬಳಿಗೆ ಕಳಿಸಬೇಕು, ರಕ್ತ ಹೆಪ್ಪುಗಟ್ಟಿರಬಹುದು.

ಎರಡೂ ಸ್ನಾಯು ಒಟ್ಟಿಗೆ ಚುರುಕಾಗುವವರಿಗೆ ಬಲದ ವ್ಯಾಯಾಮ ಬೇರೆ ಕೊಟ್ಟರೆ ಬಿಗಿತ ಹೆಚ್ಚಬಹುದು. ಅವರಿಗೆ ಹ್ಯಾಮ್‌ಸ್ಟ್ರಿಂಗ್ ಗೆರೆಯನ್ನು ಪರದೆಯಲ್ಲಿ ತೋರಿಸಿ, ಅದು ಏರದಂತೆ ನಿಧಾನಕ್ಕೆ ಕಾಲಿನ ಮೇಲೆ ಭಾರ ಬಿಡಲು ಕಲಿಸುತ್ತೇವೆ, ಒಮ್ಮೆಗೆ 10 ನಿಮಿಷ. ಎರಡನೆಯ ವಾರದಿಂದ ಅರ್ಧದಷ್ಟು ಸಲ ಪರದೆ ಆರಿಸಬೇಕು. ಇಲ್ಲದಿದ್ದರೆ ಕೋಣೆಯಲ್ಲಿ ಬಂದದ್ದು ಮನೆಯ ಮೆಟ್ಟಿಲಿನಲ್ಲಿ ಬರುವುದಿಲ್ಲ.

ಸೊಂಟದ ಕೀಲು ಬದಲಿಸಿದವರಲ್ಲಿ ಕ್ಯಾಮೆರಾ ಹಿಂದೆ ನಿಲ್ಲುತ್ತದೆ, ನೋಡುವ ಸ್ನಾಯು ಸೊಂಟದ ಪಕ್ಕದ ಗ್ಲೂಟಿಯಸ್ ಮೀಡಿಯಸ್. ಒಂಟಿ ಕಾಲಿನ ಮೇಲೆ ಭಾರ ಬಿದ್ದಾಗ ಎದುರು ಬದಿಯ ಸೊಂಟ ಕುಸಿಯುತ್ತದೆಯೇ, ಮೈ ಅದೇ ಕಾಲಿನ ಕಡೆ ವಾಲುತ್ತದೆಯೇ ಎಂಬುದು ಪ್ರಶ್ನೆ. ಸ್ನಾಯುವನ್ನು ದೂರುವ ಮುಂಚೆ ಎರಡೂ ಕಾಲಿನ ಉದ್ದ ಅಳೆಯಿರಿ. ಪಕ್ಕದಿಂದ ಕೊಯ್ದು ಆ ಸ್ನಾಯುವನ್ನೇ ಬಿಡಿಸಿ ಹೊಲಿದಿದ್ದರೆ, ಸರ್ಜನ್ ಒಪ್ಪುವವರೆಗೆ ಕಾಲನ್ನು ಪಕ್ಕಕ್ಕೆ ಎತ್ತುವ ಭಾರದ ವ್ಯಾಯಾಮ ಕೂಡದು. ಕೋಲು ಎದುರು ಕೈಯಲ್ಲಿರಲಿ.

ಇನ್ನೊಂದು ಕಾಲಿಗೆ ಹೋಲಿಸುವ ರೂಢಿಯ ಬಗ್ಗೆಯೂ ಹೇಳಬೇಕು. ನಮ್ಮಲ್ಲಿಗೆ ಬರುವ ಹಲವರ ಇನ್ನೊಂದು ಮಂಡಿಯೂ ಸವೆದಿರುತ್ತದೆ, ಕೆಲವರಿಗೆ ಎರಡೂ ಬದಲಾಗಿರುತ್ತವೆ. ಎರಡೂ ಸಮವಾಗಿ ದುರ್ಬಲವಾಗಿದ್ದರೆ ಶೇ 50ರ ಪಾಲು ಚೆಂದ ಕಾಣುತ್ತದೆ, ಮೆಟ್ಟಿಲು ಮಾತ್ರ ಇಳಿಯಲಾಗದು. ಹಾಗಾಗಿ ಹನ್ನೆರಡನೇ ವಾರದಲ್ಲಿ ನಮ್ಮ ಕೊನೆಯ ಪರೀಕ್ಷೆ 15 ಸೆಂಟಿಮೀಟರ್ ಮೆಟ್ಟಿಲು: ಆಪರೇಷನ್ ಕಾಲನ್ನು ಮೇಲಿಟ್ಟು, ಕಂಬಿ ಹಿಡಿಯದೆ, ಇನ್ನೊಂದು ಹಿಮ್ಮಡಿಯನ್ನು ಮೂರು ಎಣಿಸುವಷ್ಟು ನಿಧಾನ ನೆಲಕ್ಕೆ ತಾಗಿಸಬೇಕು, ಐದು ಸಲ. ಮೂರನೆಯದಕ್ಕೇ ಕಾಲು ಧೊಪ್ಪನೆ ಬಿದ್ದರೆ ಇನ್ನೂ ನಾಲ್ಕು ವಾರ ಬರಲು ಹೇಳುತ್ತೇವೆ, ಮಂಡಿ 120 ಡಿಗ್ರಿ ಮಡಚಿದರೂ ಸರಿ.