ಹಿತ್ತಲಿನ ಈಜುಕೊಳ: ಫೀನಿಕ್ಸ್ ಕಡೆಗೆ ಹೊಸದಾಗಿ ಬಂದವರಿಗೆ

ಚಾಂಡ್ಲರ್, ಗಿಲ್ಬರ್ಟ್ ಕಡೆ ಮನೆ ಹುಡುಕಲು ಹೊರಟರೆ ಹಿತ್ತಲಲ್ಲಿ ಪೂಲ್ ಇರುವ ಮನೆ ಸಿಕ್ಕೇ ಸಿಗುತ್ತದೆ. ಮಕ್ಕಳು ಅದನ್ನು ಕಂಡ ಕೂಡಲೇ ಇದೇ ಮನೆ ಬೇಕು ಅಂತ ಹಟ ಹಿಡಿಯುತ್ತಾರೆ. ತಗೊಳ್ಳಿ, ಒಳ್ಳೆಯದೇ. ಆದರೆ ಸಾಮಾನು ಬಿಚ್ಚುವ ಮೊದಲು ಬೇಲಿ ನೋಡಿ.

ಆರು ವರ್ಷದೊಳಗಿನ ಮಗು ಇರುವ ಮನೆಯಲ್ಲಿ ಪೂಲ್ ಸುತ್ತ ಕನಿಷ್ಠ 5 ಅಡಿ ಎತ್ತರದ ತಡೆ ಇರಬೇಕು ಅನ್ನುತ್ತದೆ ಅರಿಜೋನಾದ ಕಾನೂನು. ಗೇಟು ಪೂಲ್ ಕಡೆಗಲ್ಲ, ಹೊರಗಡೆಗೆ ತೆರೆಯಬೇಕು. ಬಿಟ್ಟರೆ ತಾನೇ ಮುಚ್ಚಿ ಚಿಲಕ ಬೀಳಬೇಕು. ನಿಮ್ಮ ನಗರದ ನಿಯಮ ಇನ್ನೂ ಬಿಗಿಯಾಗಿರಬಹುದು, ಕೇಳಿ ತಿಳಿದುಕೊಳ್ಳಿ. ಊರಿಂದ ಬಂದ ಅಪ್ಪ ಅಮ್ಮ ಬಟ್ಟೆ ಒಣಹಾಕಲು ಓಡಾಡುವಾಗ ಗೇಟಿಗೆ ಕಲ್ಲು ಒತ್ತಿಟ್ಟು ತೆರೆದಿಡುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅವರು ಬಂದ ದಿನವೇ ಹಿತ್ತಲಿಗೆ ಕರೆದುಕೊಂಡು ಹೋಗಿ ಗೇಟಿನ ವಿಷಯ ಹೇಳಿಬಿಡಿ.

ನೀರು ತಿಳಿಯಾಗಿರಬೇಕು ಅನ್ನುವುದೂ ಬರೀ ಚೆಂದಕ್ಕಲ್ಲ. ಮುಳುಗಿದ ಮಗು ಕದಡಿದ ನೀರಿನಲ್ಲಿ ಕಾಣುವುದಿಲ್ಲ. ಪೂಲಿನ ತಳದಲ್ಲಿರುವ ಜಾಲರಿ ದಡದಿಂದ ಸ್ಪಷ್ಟವಾಗಿ ಕಾಣದಿದ್ದರೆ ಆ ದಿನ ಯಾರನ್ನೂ ನೀರಿಗೆ ಇಳಿಸಬೇಡಿ.

ಊರಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದರಲ್ವಾ, ಇಲ್ಲಿಯೂ ಕೆಲಸ ಮಾಡುವುದು ಅದೇ ಕ್ಲೋರಿನ್. ಆದರೆ ಬಾವಿಗೆ ನೆರಳಿತ್ತು, ಒರತೆ ಇತ್ತು. ಪೂಲ್‌ಗೆ ಎರಡೂ ಇಲ್ಲ. ಅದೇ ನೀರು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಬಿಸಿಲಿಗೆ ನೀರು ಮಾತ್ರ ಆವಿಯಾಗುತ್ತದೆ, ಅದರಲ್ಲಿದ್ದದ್ದು ಅಲ್ಲೇ ಉಳಿಯುತ್ತದೆ. ಸಾರು ಕುದ್ದಷ್ಟೂ ಉಪ್ಪಾಗುತ್ತದಲ್ಲ, ಹಾಗೆ. ಮೊದಲೇ ಇಲ್ಲಿಯ ನಲ್ಲಿ ನೀರು ಗಡಸು. ಟೈಲ್ಸ್ ಮೇಲೆ ಬಿಳಿ ಗೆರೆ ಕಟ್ಟುವುದು ಅದಕ್ಕೇ. ಆದ್ದರಿಂದ ಅಳೆಯದೆ ಏನನ್ನೂ ಸುರಿಯಬೇಡಿ.

ಇದನ್ನು ನಾನು ಕಲಿತದ್ದು ಎರಡನೇ ಬೇಸಿಗೆಯಲ್ಲಿ. ತೇಲುವ ಡಬ್ಬಿಗೆ ಕ್ಲೋರಿನ್ ಮಾತ್ರೆ ಹಾಕಿಟ್ಟು ನಿಶ್ಚಿಂತೆಯಾಗಿದ್ದೆ. ಜುಲೈನಲ್ಲಿ ನೀರು ಹಸಿರಾಯಿತು. ಪರೀಕ್ಷೆ ಮಾಡಿದರೆ ಕ್ಲೋರಿನ್ 3 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ 3 ಭಾಗ), ಅಂದರೆ ಸರಿಯಾಗೇ ಇದೆ! ಅಂಗಡಿಯವರು ಪಾಚಿ ಔಷಧಿಯ ಮೂರು ಬಾಟಲಿ ಕೊಟ್ಟರು, ಮೂರನ್ನೂ ಸುರಿದೆ. ನಾಲ್ಕನೇ ದಿನವೂ ಹಸಿರೇ. ನಮ್ಮ ಕನ್ನಡ ಸಂಘದ ಹಿರಿಯರೊಬ್ಬರು ಬಂದು ಕೇಳಿದ್ದು ಒಂದೇ ಮಾತು: "ಸಯನ್ಯೂರಿಕ್ ಎಷ್ಟಿದೆ?"

ಆ ಪರೀಕ್ಷೆ ಹೀಗೆ. ತಳದಲ್ಲಿ ಕಪ್ಪು ಚುಕ್ಕೆ ಇರುವ ಉದ್ದ ಕೊಳವೆ. ಪೂಲ್ ನೀರಿಗೆ ಕಿಟ್‌ನಲ್ಲಿ ಬರುವ ಔಷಧಿ ಬೆರೆಸಿದಾಗ ಹಾಲಿನಂತೆ ಬೆಳ್ಳಗಾಗುತ್ತದೆ. ಅದನ್ನು ಕೊಳವೆಗೆ ನಿಧಾನವಾಗಿ ಸುರಿಯುತ್ತಾ ಹೋಗಬೇಕು. ಚುಕ್ಕೆ ಮರೆಯಾದ ಕಡೆ ನಿಲ್ಲಿಸಿ ಪಕ್ಕದ ಅಂಕಿ ಓದಬೇಕು. ನಮ್ಮದರಲ್ಲಿ ತಳದ ಹತ್ತಿರದ 100ರ ಗೆರೆ ಮುಟ್ಟುವ ಮೊದಲೇ ಚುಕ್ಕೆ ಮಾಯವಾಯಿತು.

ಸಯನ್ಯೂರಿಕ್ ಆ್ಯಸಿಡ್ ಬಿಸಿಲಿನಿಂದ ಕ್ಲೋರಿನ್ ಕಾಪಾಡುತ್ತದೆ. 30ರಿಂದ 50 ಪಿಪಿಎಂ ಇದ್ದರೆ ಸಾಕು. ಜಾಸ್ತಿಯಾದರೆ ಕ್ಲೋರಿನ್ನನ್ನು ಹಿಡಿದಿಟ್ಟುಕೊಂಡು ಕೆಲಸ ಮಾಡಲು ಬಿಡುವುದಿಲ್ಲ. ಮಾಮೂಲಿ ಮಾತ್ರೆಗಳಲ್ಲಿ ಇದು ಸೇರಿಯೇ ಬರುತ್ತದೆ: ಕ್ಲೋರಿನ್ 10 ಪಿಪಿಎಂ ಏರಿಸಿದರೆ ಇದು 6 ಏರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಇದು ಉಳಿಯುತ್ತದೆ. ಕಡಿಮೆ ಮಾಡಲು ಸುಲಭದ ದಾರಿ ನೀರು ಬದಲಿಸುವುದೇ. ನಾವು ಸ್ವಲ್ಪ ಸ್ವಲ್ಪವಾಗಿ ಅರ್ಧಕ್ಕಿಂತ ಜಾಸ್ತಿ ನೀರು ಬದಲಿಸಿದೆವು. ಬೇಸಿಗೆಯಲ್ಲಿ ಪೂರ್ತಿ ಖಾಲಿ ಮಾಡಲು ಹೋಗಬೇಡಿ, ಬಿಸಿಲಿಗೆ ಪ್ಲಾಸ್ಟರ್ ಬಿರುಕು ಬಿಡುತ್ತದೆ. ತೆಗೆದ ನೀರನ್ನು ರಸ್ತೆಗೂ ಬಿಡಬೇಡಿ. ನಿಮ್ಮ ಮನೆಯದೇ ಒಳಚರಂಡಿ ಪೈಪಿಗೆ ಬಿಡಿ, ಅದರ ಮುಚ್ಚಳ ಎಲ್ಲಿದೆ ಅಂತ ಮೊದಲು ಹುಡುಕಿಟ್ಟುಕೊಳ್ಳಿ.

ಈಗ ನಾನು ದಿನನಿತ್ಯಕ್ಕೆ ಬಳಸುವುದು ದ್ರವ ಕ್ಲೋರಿನ್. 15,000 ಗ್ಯಾಲನ್ ಪೂಲ್‌ಗೆ 10 ಪರ್ಸೆಂಟಿನ ಒಂದು ಗ್ಯಾಲನ್ ಹಾಕಿದರೆ 6ರಿಂದ 7 ಪಿಪಿಎಂ ಏರುತ್ತದೆ. ಸಂಜೆ ಬಿಸಿಲಿಳಿದ ಮೇಲೆ, ಪಂಪ್ ಓಡುತ್ತಿರುವಾಗ ಹಾಕಿ. ಸಯನ್ಯೂರಿಕ್ 50 ಇರುವಾಗ ಕ್ಲೋರಿನ್ 4ಕ್ಕಿಂತ ಇಳಿಯಲು ನಾನು ಬಿಡುವುದಿಲ್ಲ. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 7.2ರಿಂದ 7.8ರ ಒಳಗಿರಲಿ. ವಾರಕ್ಕೆ ಎರಡು ಸಲ ಅಳೆಯಿರಿ. ಮೊಣಕೈ ಮುಳುಗುವಷ್ಟು ಆಳದಿಂದ ನೀರು ತೆಗೆಯಿರಿ, ಮೇಲಿನ ನೀರು ಸರಿಯಾದ ಲೆಕ್ಕ ಕೊಡುವುದಿಲ್ಲ.

ಪಿಎಚ್ ಇಳಿಸಲು ಮ್ಯೂರಿಯಾಟಿಕ್ ಆ್ಯಸಿಡ್ (ಹೈಡ್ರೋಕ್ಲೋರಿಕ್ ಆ್ಯಸಿಡ್‌ನ ಇನ್ನೊಂದು ಹೆಸರು) ಬೇಕಾಗುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕ, ಕೈಗವಸು ಹಾಕಿಕೊಳ್ಳಿ. ನೀರಿಗೆ ಆ್ಯಸಿಡ್ ಹಾಕಬೇಕು, ಆ್ಯಸಿಡ್‌ಗೆ ನೀರು ಯಾವತ್ತೂ ಹಾಕಬಾರದು. ಆ್ಯಸಿಡ್ ಮತ್ತು ಕ್ಲೋರಿನ್ ಬೆರೆತರೆ ವಿಷದ ಗಾಳಿ ಏಳುತ್ತದೆ. ಬೇರೆ ಬೇರೆ ಬಗೆಯ ಕ್ಲೋರಿನ್ ಪುಡಿ, ಮಾತ್ರೆಗಳನ್ನೂ ಬೆರೆಸಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಒಂದೇ ಚಮಚ ಎರಡಕ್ಕೂ ಬಳಸಬೇಡಿ.

ಮಾನ್ಸೂನ್‌ನಲ್ಲಿ ಧೂಳಿನ ಬಿರುಗಾಳಿ ಬಂದು ಹೋದ ಬೆಳಿಗ್ಗೆ ನೀರು ಕೆಮ್ಮಣ್ಣು ಕಲಸಿದ ಹಾಗಿರುತ್ತದೆ. ಗಾಬರಿ ಬೇಡ. ಸ್ಕಿಮ್ಮರ್ (ಮೇಲೆ ತೇಲುವ ಕಸ ಎಳೆದುಕೊಳ್ಳುವ ಬಾಯಿ) ಬುಟ್ಟಿಯ ಕಸ ತೆಗೆಯಿರಿ, ಗೋಡೆ ಉಜ್ಜಿ, ಪಂಪ್ ಇಡೀ ದಿನ ಓಡಿಸಿ. ಫಿಲ್ಟರ್ ಸ್ವಚ್ಛವಿದ್ದಾಗ ಅದರ ಮೇಲಿನ ಒತ್ತಡದ ಮೀಟರಿನ ಮುಳ್ಳು ಎಷ್ಟು ತೋರಿಸುತ್ತದೆ ಅಂತ ಬರೆದಿಟ್ಟುಕೊಳ್ಳಿ. ಅದಕ್ಕಿಂತ 8ರಿಂದ 10 ಪಿಎಸ್ಐ (ಒತ್ತಡದ ಅಳತೆ) ಏರಿದರೆ ಫಿಲ್ಟರ್ ತೊಳೆಯುವ ಹೊತ್ತಾಯಿತು ಅಂತ ಅರ್ಥ.

ಇನ್ನೊಂದು ಮಾತು, ನಮ್ಮವರಿಗೇ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಮಕ್ಕಳನ್ನು ಹಾಗೇ ನೀರಿಗೆ ಬಿಡಬೇಡಿ. ಎಣ್ಣೆ ಫಿಲ್ಟರಿಗೆ ಮೆತ್ತಿಕೊಳ್ಳುತ್ತದೆ, ಕ್ಲೋರಿನ್ನನ್ನೂ ತಿನ್ನುತ್ತದೆ. ಮೊದಲು ಸೋಪು ಹಾಕಿ ಸ್ನಾನ ಮಾಡಿಸಿ.

ಬೇಸಿಗೆ ರಜೆಗೆ ಊರಿಗೆ ಹೋಗುವವರು ಪೂಲ್ ಯಾರಿಗಾದರೂ ಒಪ್ಪಿಸಿಯೇ ಹೋಗಿ. ಹಸಿರಾದ ಪೂಲಿನಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ. ವೆಸ್ಟ್ ನೈಲ್ ಜ್ವರದ ಭಯವಿರುವುದರಿಂದ ನೆರೆಯವರು ಮಾರಿಕೋಪಾ ಕೌಂಟಿಗೆ ದೂರು ಕೊಡಬಹುದು. ನಮ್ಮಲ್ಲಿ ಕೆಲವು ಮನೆಗಳು ಸರದಿ ಮಾಡಿಕೊಂಡಿವೆ: ಜೂನ್‌ನಲ್ಲಿ ಹೋಗುವವರ ಪೂಲನ್ನು ಡಿಸೆಂಬರ್‌ನಲ್ಲಿ ಹೋಗುವವರು ನೋಡಿಕೊಳ್ಳುತ್ತಾರೆ. ನಿಮಗೂ ಬೇಕಿದ್ದರೆ ಸಂಘದ ಮುಂದಿನ ಸಭೆಯಲ್ಲಿ ಹೇಳಿ. ಬೀಗದ ಕೈ ಕೊಡುವಾಗ ಪರೀಕ್ಷೆಯ ಕಿಟ್ ಮತ್ತು ಅಂಕಿಗಳನ್ನು ಬರೆದ ಪುಸ್ತಕವನ್ನೂ ಕೊಟ್ಟುಹೋಗಿ.