ಒಂದು ‘ಗೆ’ ಮಾಡಿದ ಅವಾಂತರ

ಗಂಗಾವತಿಯ ಅಕ್ಕಿ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಹೊರರಾಜ್ಯದ ಪಾರ್ಟಿಗಳಿಗೆ ಇಂಗ್ಲಿಷಿನಲ್ಲಿ ಮೇಲ್ ಹಾಕುವುದನ್ನೂ ನನ್ನ ಕೊರಳಿಗೇ ಕಟ್ಟಿದ್ದಾರೆ. ಒಂದು ಮಳೆಗಾಲ ಲಾರಿಯ ತಾಡಪತ್ರಿ ಹರಿದು ಸೋನಾ ಮಸೂರಿ ಚೀಲಗಳು ತೋಯ್ದವು. ‘ಹಾನಿಗೆ ನಾವು ಜವಾಬ್ದಾರರಲ್ಲ’ ಎನ್ನಲು ಹೋಗಿ ‘ನಾಟ್ ರೆಸ್ಪಾನ್ಸಿಬಲ್ ಟು ದಿ ಡ್ಯಾಮೇಜ್’ ಎಂದು ಬರೆದೆ. ಆ ಕಡೆಯವರು ನನ್ನ ಸಾಲನ್ನೇ ಎತ್ತಿಕೊಂಡು, ‘ನಾಟ್’ ಹೊಡೆದು, ‘ಟು’ ಇದ್ದಲ್ಲಿ ‘ಫಾರ್’ ಹಾಕಿ ವಾಪಸ್ ಕಳಿಸಿದರು. ದುಡ್ಡೂ ಹೋಯಿತು, ಮಾನವೂ ಹೋಯಿತು.

ಆ ರಾತ್ರಿ ಹಳೇ ಮೇಲ್‌ಗಳನ್ನೆಲ್ಲ ತೆಗೆದು ನೋಡಿದೆ. ತಪ್ಪು ಎಲ್ಲೆಂದರಲ್ಲಿ ಇರಲಿಲ್ಲ, ಹೆಚ್ಚಿನವು ನಮ್ಮ ವಿಭಕ್ತಿಯಿಂದಲೇ ಬಂದಿದ್ದವು. ‘ಗೆ’ ಕಂಡಲ್ಲೆಲ್ಲ ‘ಟು’, ‘ಮೇಲೆ’ ಕಂಡಲ್ಲೆಲ್ಲ ‘ಆನ್’, ‘ಅಲ್ಲಿ’ ಕಂಡಲ್ಲೆಲ್ಲ ‘ಇನ್’. ಪಾರ್ಟಿ ನಮ್ಮ ಮೇಲೆ ಸಿಟ್ಟಾದರೆ ‘ಆಂಗ್ರಿ ಆನ್ ಅಸ್’!

ಯಾವ ಗುಣವಾಚಕದ ಮುಂದೆ ‘ಟು’, ಯಾವುದರ ಮುಂದೆ ‘ಫಾರ್’ ಎಂದು ಹೇಳುವ ವ್ಯಾಕರಣ ಪುಸ್ತಕದ ಪಟ್ಟಿಯನ್ನು ಎ ಇಂದ ಝಡ್‌ವರೆಗೆ ಉರು ಹೊಡೆಯುವುದು ಹಿಂದೆಯೇ ಮಾಡಿ ಸೋತಿದ್ದೆ. ಈ ಸಲ ತೂಕದ ಚೀಟಿಗಳ ಬೆನ್ನಿನ ಮೇಲೆ ಕನ್ನಡದ ಪ್ರತ್ಯಯವನ್ನೇ ತಲೆಬರಹ ಮಾಡಿ ಬರೆಯತೊಡಗಿದೆ. ‘ಗೆ’ ಚೀಟಿಯೇ ಎಲ್ಲಕ್ಕಿಂತ ಮೊದಲು ತುಂಬಿತು. ನಾಯಿಗೆ ಅಂಜುವವನು ಅಫ್ರೇಡ್ ಆಫ್. ಅಕ್ಕಿಗೆ ಹೆಸರಾದ ಊರು ಫೇಮಸ್ ಫಾರ್. ಅದಕ್ಕೆ ಸಮಾನವಾದದ್ದು ಮಾತ್ರ ಈಕ್ವಲ್ ಟು. ನನ್ನನ್ನು ಕೆಡವಿದ ‘ರೆಸ್ಪಾನ್ಸಿಬಲ್’ ಎರಡೂ ಕಡೆ ನಡೆಯುತ್ತದೆ: ಚೀಲಕ್ಕೆ ಜವಾಬ್ದಾರನಾದರೆ ಫಾರ್, ಸಾವಕಾರರಿಗೆ ಉತ್ತರ ಕೊಡಬೇಕಾದವನಾದರೆ ಟು.

‘ಗುಡ್’ ಇನ್ನೂ ಮಜಾ. ಲೆಕ್ಕದಲ್ಲಿ ಜಾಣನಾದರೆ ಗುಡ್ ಅಟ್, ಆರೋಗ್ಯಕ್ಕೆ ಒಳ್ಳೆಯದಾದರೆ ಗುಡ್ ಫಾರ್, ನಮ್ಮನ್ನು ಚೆನ್ನಾಗಿ ನೋಡಿಕೊಂಡವರು ಗುಡ್ ಟು ಅಸ್. ಚೀಲ ‘ಫುಲ್’ ಆದರೆ ಆಫ್, ‘ಫಿಲ್ಡ್’ ಆದರೆ ವಿತ್. ಸಿಟ್ಟು ಮನುಷ್ಯರ ಮೇಲಾದರೆ ವಿತ್ ಅಥವಾ ಅಟ್, ವಿಷಯಕ್ಕಾದರೆ ಅಬೌಟ್.

ಕನ್ನಡದ ಜೊತೆ ಹೊಂದುವವನ್ನು, ಅಂದರೆ ‘ಇಂಟರೆಸ್ಟೆಡ್ ಇನ್’ ತರದವನ್ನು, ಬರೆಯಲೇ ಇಲ್ಲ. ಸೀನಿಯರ್, ಜೂನಿಯರ್, ಸುಪೀರಿಯರ್ ಲ್ಯಾಟಿನ್ ಮೂಲದವು. ಕನ್ನಡದಲ್ಲಿ ‘ಗಿಂತ’ ಬಂದರೂ ಅವು ‘ದ್ಯಾನ್’ ಒಲ್ಲವು, ‘ಟು’ ಬೇಡುತ್ತವೆ.

ನಮ್ಮ ಗುಮಾಸ್ತರೊಬ್ಬರು ಬಯೋಡೇಟಾದಲ್ಲಿ ‘ಮ್ಯಾರೀಡ್ ವಿತ್ ಟೂ ಚಿಲ್ಡ್ರನ್’ ಎಂದು ಬರೆದಿದ್ದರು. ಹೊಸ ಹುರುಪಿನಲ್ಲಿ ‘ವಿತ್’ ಹೊಡೆದು ‘ಟು’ ಮಾಡಿಬಿಟ್ಟೆ. ಅವರದ್ದೇ ಸರಿಯಿತ್ತು: ಮದುವೆಯಾಗಿದೆ, ಎರಡು ಮಕ್ಕಳಿದ್ದಾರೆ. ನಾನು ಅವರನ್ನು ಮಕ್ಕಳಿಗೇ ಮದುವೆ ಮಾಡಿಸಿದ್ದೆ. ‘ಏನ್ರೀ, ಮನ್ಯಾಗ ಬೈಸ್ತೀರೇನು?’ ಎಂದು ನಕ್ಕರು.

ಈಗ ಮೇಲ್ ಬರೆದ ಮೇಲೆ ಗುಣವಾಚಕಗಳನ್ನಷ್ಟೇ ಹುಡುಕಿ, ಒಂದೊಂದರ ಬಾಲ ನೋಡಿ ಕಳಿಸುತ್ತೇನೆ. ‘ಡಿಫರೆಂಟ್’ ಬಂದರೆ ಕಣ್ಣು ಮುಚ್ಚಿ ‘ಫ್ರಮ್’. ಬ್ರಿಟಿಷರು ‘ಟು’ ಅಂತಾರೆ, ಅಮೆರಿಕದವರು ‘ದ್ಯಾನ್’ ಅಂತಾರೆ, ಆದರೆ ‘ಫ್ರಮ್’ಗೆ ಇಬ್ಬರದೂ ತಕರಾರಿಲ್ಲ.